ಐದು ದಿನದಲ್ಲಿ ಇಡೀ ಆಸ್ಟ್ರೇಲಿಯಾ

ಇಂದುಮತಿ ಕೊಟ್ಟ ಪುಕ್ಕಟೆ ಸಲಹೆಯಿಂದಲೇ ಮಹೇಶನ ಗ್ರಹಚಾರ ಶುರುವಾಯಿತು.

ದೂರದ ಚಳಿ ದೇಶದ ನಾರ್‌ಶೋಪಿಂಗಿನ ಅವರ ಐಟಿ ಆಫೀಸಿನಿಂದ ಒಬ್ಬರು ಡಿಸೆಂಬರಿನಿಂದ ಮೂರು ತಿಂಗಳು ಮೆಲ್ಬರ್ನಿಗೆ ಹೋಗಬೇಕಿತ್ತು. ಇಲ್ಲಿ ನಾಲ್ಕು ಚಳಿಗಾಲ ನಡುಗಿದ್ದ ಮಹೇಶನಿಗೆ ಅಲ್ಲಿನ ಬಿಸಿಲು ಬೇಕೇ ಬೇಕಿತ್ತು.

"ಮ್ಯಾನೇಜರ್ ಗುನಿಲ್ಲಾಗೆ ಪ್ರಾಣಿಗಳೆಂದ್ರೆ ಹುಚ್ಚು ಕಣೋ," ಎಂದಳು ಪಕ್ಕದ ಸೀಟಿನ ಇಂದುಮತಿ. "ಇವತ್ತು ಫೀಕಾದ ಕಾಫಿ ಟೈಮಲ್ಲಿ ಹೆಸರು ಹೇಳ್ತಾಳೆ. ನೀನು ಒಂದ್ಸಲ ಹೋಗಿದ್ಯಲ್ಲ, ಅಲ್ಲಿನ ಪ್ರಾಣಿ ಎಲ್ಲಾ ನೋಡಿದೀನಿ ಅಂತ ಬುರುಡೆ ಬಿಡು. ನಿನ್ನೇ ಕಳಿಸ್ತಾಳೆ."

ಹೋಗಿದ್ದೇನೋ ನಿಜ. ಆದರೆ ಆ ಐದು ದಿನವೂ ಪುಣ್ಯಾತ್ಮ ಮೀಟಿಂಗ್ ರೂಮಿನಲ್ಲೇ ಕೊಳೆತಿದ್ದ. ಕಂಡ ಪ್ರಾಣಿಯೆಂದರೆ ಕಿಟಕಿಯ ಮೇಲಿನ ಪಾರಿವಾಳ. ಹಾಗಾಗಿ ಊಟ ಬಿಟ್ಟು ಫೋನಿನಲ್ಲಿ ಪ್ರವಾಸಿ ತಾಣಗಳನ್ನು ಉರು ಹೊಡೆದ.

ಫೀಕಾಕ್ಕೆ ಎಲ್ಲರೂ ಕಾಫಿ, ಬನ್ನು ಹಿಡಿದು ಸೇರಿದರು.

"ಕಾಂಗರೂ ಐಲ್ಯಾಂಡಲ್ಲಿ ಕಾಂಗರೂ, ಕೊವಾಲಾ, ಸೀ ಲಯನ್ ಎಲ್ಲಾ ನೋಡ್ದೆ," ಎಂದ ಮಹೇಶ. ಗುನಿಲ್ಲಾಳ ಕಣ್ಣು ಅರಳಿತು. ಇನ್ನು ಇವನ ನಾಲಿಗೆಗೆ ಲಗಾಮಿಲ್ಲ. ರಾಟ್‌ನೆಸ್ಟ್ ದ್ವೀಪದಲ್ಲಿ ಪುಟಾಣಿ ಕಾಂಗರೂವಿನಂಥ ಕ್ವೋಕಾ ಇವನ ಪಕ್ಕ ನಿಂತು ನಕ್ಕಿತು. ಟ್ಯಾಸ್ಮೇನಿಯಾದ ಬೆಟ್ಟದಲ್ಲಿ ವಾಂಬ್ಯಾಟ್ ಎಂಬ ಪ್ರಾಣಿಯ ಚೌಕಾಕಾರದ ಲದ್ದಿ ತುಳಿದು ಇವನು ಜಾರಿಬಿದ್ದ.

"ಫಿಲಿಪ್ ಐಲ್ಯಾಂಡಲ್ಲಿ ಮಧ್ಯಾಹ್ನ ಊಟ ಮುಗ್ಸಿ ನಿಂತೆ, ಪೆಂಗ್ವಿನ್‌ಗಳು ಸಾಲಾಗಿ ಬಂದ್ವು."

"ಅವು ಸೂರ್ಯ ಮುಳುಗಿದ್ಮೇಲಲ್ವಾ ದಡಕ್ಕೆ ಬರೋದು?" ಎಂದ ಹೊಸದಾಗಿ ಸೇರಿದ್ದ ಆದರ್ಶ.

"ಅವತ್ತು ಮೋಡ ಇತ್ತಪ್ಪ!"

"ಫೋಟೋ ತೋರ್ಸಿ ಸರ್."

"ಪ್ಲಾಟಿಪಸ್ ನೋಡೋಕೆ ಬಗ್ಗಿದಾಗ ಫೋನು ಹೊಳೆಗೆ ಬಿತ್ತು."

"ಐದೇ ದಿನದಲ್ಲಿ ಇಷ್ಟೆಲ್ಲಾನಾ?"

"ಬೆಳಿಗ್ಗೆ ಬೇಗ ಏಳ್ತಿದ್ದೆ."

"ಟ್ಯಾಸ್ಮೇನಿಯನ್ ಡೆವಿಲ್ ಮರೆತೇಬಿಟ್ಯಲ್ಲೋ!" ಎಂದು ಇಂದುಮತಿ ತಿವಿದಳು.

"ಅದನ್ನೂ ನೋಡ್ದೆ. ಎರಡ್ಸಲ!"

ಗುನಿಲ್ಲಾ ಎದ್ದು ನಿಂತಳು. ಅವಳ ಕಣ್ಣು ಒದ್ದೆಯಾಗಿತ್ತು.

"ಮಹೇಶ್, ಎಂಥಾ ಅದೃಷ್ಟವಂತ ನೀನು! ಒಂದನ್ನೂ ಬಿಟ್ಟಿಲ್ಲ. ನಿಜ ಹೇಳ್ಬೇಕಂದ್ರೆ ನಾನು ನಿನ್ನ ಹೆಸ್ರೇ ಬರ್ಕೊಂಡಿದ್ದೆ. ಅಷ್ಟು ದೂರ ಹೋಗಿ ಬರೀ ಮೀಟಿಂಗ್ ಮಾಡ್ಕೊಂಡು ಬಂದೆ, ಪಾಪ, ಅಂದ್ಕೊಂಡಿದ್ದೆ. ಆದ್ರೆ ಎಲ್ಲರಿಗೂ ಸರದಿ ಸಿಗ್ಬೇಕಲ್ವಾ? ಆದರ್ಶ್‌ಗೆ ಇಷ್ಟೆಲ್ಲಾ ಗೊತ್ತು, ಒಂದನ್ನೂ ನೋಡಿಲ್ಲ. ಅವನು ಹೋಗ್ಲಿ."

ಮಹೇಶ ಲೆಕ್ಕ ಹಾಕಿದ. ನಿಜ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಮೆಲ್ಬರ್ನ್ ಹೋಗುತ್ತದೆ. ಅಷ್ಟರಲ್ಲಿ ಎಲ್ಲರೂ ಆದರ್ಶನಿಗೆ ಚಪ್ಪಾಳೆ ತಟ್ಟತೊಡಗಿದರು. ಮಹೇಶನೂ ತಟ್ಟಿದ.