ಲೀಡು ಕೊಂಡು ಕೆಟ್ಟೆವು

ಸುಳ್ಳು ಹೇಳುವುದರಲ್ಲಿ ಇರುವ ಸುಖ ಸುಳ್ಳು ಕೇಳುವುದರಲ್ಲಿ ಇಲ್ಲ. ಜಮೀನಿನ ಬ್ರೋಕರನಾದ ನಾನು ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ಸುಳ್ಳು ಎಂದರೆ ಸ್ವಲ್ಪ ಒರಟಾಯಿತು; ನಮ್ಮ ಕಸುಬಿನಲ್ಲಿ ಅದನ್ನು ವಿವರಣೆ ಎನ್ನುತ್ತಾರೆ. ಕುಶಾಲನಗರದಿಂದ 'ಐದೇ ನಿಮಿಷ' ಎಂದು ನಾನು ಹೇಳುವ ಸೈಟನ್ನು ಐದು ನಿಮಿಷದಲ್ಲಿ ತಲುಪಬಹುದು. ದಾರಿಯಲ್ಲಿ ದನ ಅಡ್ಡ ಬರಬಾರದು, ಗಾಡಿ ಓಡಿಸುವವನಿಗೆ ಜೀವದ ಮೇಲೆ ಆಸೆ ಇರಬಾರದು, ಅಷ್ಟೆ. 'ಹೊಳೆ ಕಾಣುತ್ತದೆ' ಎಂದರೆ ಖಂಡಿತ ಕಾಣುತ್ತದೆ, ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತರೆ. 'ಆನೆ ಕಾಟ ಇದೆಯಾ?' ಎಂದು ಕೇಳುವವರಿಗೆ 'ನಾನಂತೂ ನೋಡಿಲ್ಲ' ಎನ್ನುತ್ತೇನೆ. ಇದೂ ನಿಜವೇ. ಆನೆ ಬಂದಾಗ ನಾನು ಅಲ್ಲಿ ನೋಡುತ್ತಾ ನಿಂತಿರುವುದಿಲ್ಲ. ನಮ್ಮಜ್ಜ ಹಾಸನದ ಕಡೆಯಿಂದ ಶಿರಂಗಾಲಕ್ಕೆ ಬಂದು ಭೂಮಿ ಉತ್ತರು, ಅಪ್ಪನೂ ಉತ್ತರು. ನಾನು ಕುಶಾಲನಗರದಲ್ಲಿ ಕೂತು ಅದೇ ಭೂಮಿಯನ್ನು ಬಾಯಲ್ಲೇ ಉಳುವುದನ್ನು ಕಲಿತೆ. ಇಂಥ ನನಗೇ ಒಬ್ಬರು ಫೋನಿನಲ್ಲಿ ಸುಳ್ಳು ಹೇಳಿ ದುಡ್ಡು ಕಿತ್ತರು ಎಂದರೆ ನೀವು ನಗುತ್ತೀರಿ. ನಗಿ. ನನ್ನ ಹೆಂಡತಿ ಗಿರಿಜೆ ಮಾತ್ರ ನಗಲಿಲ್ಲ, ಯಾಕೆಂದರೆ ದುಡ್ಡು ಅವಳದು.

ಗಿರಿಜೆಗೆ ಪೇಟೆಯಲ್ಲಿ ಒಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ರವಿಕೆ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ಈಗಿನ ಮದುವೆ ಹೆಣ್ಣುಗಳಿಗೆ ಬರೀ ರವಿಕೆ ಸಾಲದು, ಬೆನ್ನ ಮೇಲೆ ನವಿಲು ಬೇಕು, ತೋಳಿನ ಮೇಲೆ ಬಳ್ಳಿ ಬೇಕು. ಅದಕ್ಕೆ ಎಂಬ್ರಾಯ್ಡರಿ ಮೆಷಿನ್ ಬೇಕು. ಅದಿಲ್ಲದ್ದರಿಂದ ಮದುವೆ ಆರ್ಡರುಗಳೆಲ್ಲ ಮೈಸೂರಿಗೆ ಹೋಗುತ್ತಿದ್ದವು. ಅವಳು ಚೀಟಿ ಹಾಕಿ, ಹಬ್ಬಕ್ಕೆ ಸೀರೆ ಬೇಡವೆಂದು, ಮೆಷಿನ್ನಿಗೆಂದು ಒಂದಿಷ್ಟು ದುಡ್ಡು ಕೂಡಿಟ್ಟಿದ್ದಳು. ಆ ಹೊತ್ತಿಗೆ ಸರಿಯಾಗಿ ನನಗೆ ಬೆಂಗಳೂರಿನಿಂದ ಆ ಫೋನ್ ಬಂತು.

"ರುದ್ರಪ್ಪ ಸಾರ್ ಅಲ್ವಾ? ಕೊಡಗಲ್ಲಿ ಜಾಗ ತಗೊಳ್ಳೋಕೆ ತುಂಬಾ ಜನ ಕಾಯ್ತಾ ಇದಾರೆ ಸಾರ್. ಎಲ್ಲಾ ವೆರಿಫೈಡ್ ಲೀಡ್ಸ್. ಇಡೀ ಕೊಡಗಿಗೆ ಒಬ್ಬರೇ ಬ್ರೋಕರ್ ಇಟ್ಕೊಳ್ಳೋದು ನಾವು. ನಿಮ್ಮ ಹೆಸರು ತುಂಬಾ ಕೇಳಿದೀವಿ ಸಾರ್," ಎಂದಳು ಒಬ್ಬ ಹುಡುಗಿ. ಲೀಡು ಎಂದರೆ ಇಷ್ಟೆ: ಜಾಗ ಕೊಳ್ಳಲು ಆಸೆಪಟ್ಟವರ ಹೆಸರು ಮತ್ತು ಫೋನ್ ನಂಬರು. ಕಂಪನಿಯವರು ಇಂಟರ್ನೆಟ್ಟಿನಲ್ಲಿ ಜಾಹೀರಾತು ಹಾಕಿ ಆ ನಂಬರು ಹಿಡಿಯುತ್ತಾರೆ, ನಮಗೆ ಮಾರುತ್ತಾರೆ. ನಮ್ಮ ಕೈಯಲ್ಲಿರುವ ತೋಟ, ಸೈಟುಗಳನ್ನೂ ಅವರ ಆ್ಯಪಿನಲ್ಲಿ ಹಾಕಬಹುದು. ಮೊದಲೆಲ್ಲ ನನಗೆ ಲೀಡು ಸಿಗುತ್ತಿದ್ದದ್ದು ಕಟಿಂಗ್ ಶಾಪಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ. ಪಕ್ಕದ ಎಲೆಯವನು ಎರಡನೇ ಸಲ ಪಾಯಸ ಹಾಕಿಸಿಕೊಂಡರೆ ಅವನ ಕೈಯಲ್ಲಿ ದುಡ್ಡು ಓಡಾಡುತ್ತಿದೆ ಎಂದು ತಿಳಿಯುವಷ್ಟು ಅನುಭವ ನನಗಿತ್ತು. ಆದರೂ 'ನಿಮ್ಮ ಹೆಸರು ಕೇಳಿದೀವಿ' ಎಂಬ ಮಾತಿಗೆ ನಾನು ಉಬ್ಬಿಹೋದೆ. ಸಂಜೆ ಗಿರಿಜೆಗೆ ವಿಷಯ ಹೇಳಿದೆ.

"ಆ ಹುಡುಗಿ ನಿಮ್ಮ ಮುಖ ನೋಡಿದಾಳಾ?" ಎಂದಳು ಅವಳು.

"ಇಲ್ಲ, ಫೋನಲ್ಲೇ."

"ಅದಕ್ಕೇ ಹೊಗಳಿದಾಳೆ."

ಆದರೂ ಕೊನೆಗೆ ದುಡ್ಡು ಕೊಟ್ಟಳು. ಒಂದು ತೋಟ ಮಾರಿದರೆ ಮೆಷಿನ್ ತಾನಾಗಿಯೇ ಮನೆಗೆ ನಡೆದು ಬರುತ್ತದೆ ಎಂದು ನಾನು ವಿವರಣೆ ಕೊಟ್ಟಿದ್ದೆ. ನನ್ನ ವಿವರಣೆಗೆ ಸಿಕ್ಕಿಬಿದ್ದವರಲ್ಲಿ ಅವಳೇ ಮೊದಲಿಗಳಲ್ಲ, ಆದರೆ ನಂಬಿದ್ದು ಕಂಡು ನನಗೆ ಸಂಕಟವಾದದ್ದು ಅವಳ ವಿಷಯದಲ್ಲಿ ಮಾತ್ರ.

ಲೀಡುಗಳು ಬರತೊಡಗಿದವು. ಮೊದಲನೆಯವನು, "ಅಂಕಲ್, ಶನಿವಾರ ರೂಮ್ ಸಿಗತ್ತಾ? ಕ್ಯಾಂಪ್‌ಫೈರ್ ಇರತ್ತಾ?" ಎಂದ. ಇನ್ನೊಬ್ಬ ಅಮ್ಮನವರಿಗೆ ಜೇನುತುಪ್ಪವೂ ಕರಿಮೆಣಸೂ ಬೇಕಾಗಿತ್ತು. ದುಬೈ ಪಾರ್ಟಿ ಎಂದ ಒಬ್ಬ ಒಂದೇ ಸಲ ಮಾತಾಡಿ ಮಾಯವಾದ. ಮತ್ತೊಬ್ಬರು ಫೋನ್ ಎತ್ತಿದ್ದೇ ಬೈಯಲು: "ರೀ, ನಾನು ಆ ಜಾಹೀರಾತು ಮುಚ್ಚೋಕ್ ಹೋದೆ ಕಣ್ರೀ, ಅದು ನನ್ ನಂಬರ್ ನುಂಗ್ಬಿಡ್ತು!" ಯಾವ ಜಾಹೀರಾತು ಎಂದು ಹುಡುಕಿ ನೋಡಿದೆ. 'ಒಂದು ಕಾಫಿ ದುಡ್ಡಿಗೆ ಕಾಫಿ ತೋಟ!' ಎಂದು ದಪ್ಪ ಅಕ್ಷರ. ಕೆಳಗೆ ಇರುವೆಗೂ ಕನ್ನಡಕ ಬೇಕಾಗುವಂಥ ಅಕ್ಷರದಲ್ಲಿ, ಅದು ದಿನದ ಕಂತು, ಅದೂ ಒಂದು ಚದರಡಿಗೆ ಎಂದು ಬರೆದಿತ್ತು. ಚಿತ್ರದಲ್ಲಿ ಕಾಫಿ ಗಿಡಗಳ ಹಿಂದೆ ಹಿಮದ ಬೆಟ್ಟ. ಕೊಡಗಿನಲ್ಲಿ ಹಿಮ! ನನಗೆ ಮೈಯೆಲ್ಲ ಉರಿಯಿತು. ಸುಳ್ಳಿಗೂ ಒಂದು ಮರ್ಯಾದೆ, ಒಂದು ಅಳತೆ ಬೇಡವೇ? ನಾವು ಹೊಳೆಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದಿರಬಹುದು, ಆದರೆ ಹಿಮಾಲಯವನ್ನೇ ಹೊತ್ತು ತಂದು ಸೋಮವಾರಪೇಟೆಯ ಬೆನ್ನಿಗೆ ಇಟ್ಟವರಲ್ಲ.

ಇಷ್ಟರ ನಡುವೆ ಒಂದೇ ಒಂದು ಗಟ್ಟಿ ಪಾರ್ಟಿ ಸಿಕ್ಕಿತು. ಬೆಂಗಳೂರಿನ ಡಾಕ್ಟರು. ಗಂಭೀರ ದನಿ, ಮಧ್ಯೆ ಮಧ್ಯೆ ಸಣ್ಣ ಕೆಮ್ಮು. ಸುಂಟಿಕೊಪ್ಪದ ಹತ್ತಿರ ನನ್ನ ಕೈಯಲ್ಲಿದ್ದ ಒಂದು ತೋಟದ ಬಗ್ಗೆ ಕೇಳಿದರು. ಕರೆಂಟು, ರಸ್ತೆ, ಕೂಲಿಯವರ ಲೈನ್ ಮನೆ, ಯಾವುದರ ಬಗ್ಗೆಯೂ ಅವರಿಗೆ ಆಸಕ್ತಿ ಇರಲಿಲ್ಲ. "ಓನರ್ ಯಾರು? ಕುಟುಂಬದವರ ಸಹಿ ಎಲ್ಲಾ ಸಿಗ್ತದಾ?" ಎಂದಷ್ಟೇ ಕೇಳಿದರು. ಡಾಕ್ಟರಲ್ಲವೇ, ನೇರವಾಗಿ ರೋಗದ ಮೂಲಕ್ಕೇ ಕೈ ಹಾಕುತ್ತಾರೆ ಎಂದು ಮೆಚ್ಚಿ ಓನರ ಹೆಸರು ಹೇಳಿಬಿಟ್ಟೆ. ಆಮೇಲೆ ಡಾಕ್ಟರೂ ಫೋನ್ ಎತ್ತಲಿಲ್ಲ, ಓನರೂ ಎತ್ತಲಿಲ್ಲ. ತೋಟ ಬೇರೆ ಯಾರದೋ ಕೈಯಿಂದ ವ್ಯಾಪಾರವಾಯಿತೆಂದು ತಿಳಿಯಿತು.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿಯನ್ನು ಹೇಳಬೇಕು. ತನ್ನ ಕೈಯಲ್ಲಿರುವ ತೋಟ ಯಾರದೆಂದು ಒಬ್ಬ ಬ್ರೋಕರ್ ಇನ್ನೊಬ್ಬ ಬ್ರೋಕರಿಗೆ ಸತ್ತರೂ ಹೇಳುವುದಿಲ್ಲ. ಹೇಳಿದರೆ ಅವನು ಮರುದಿನ ಓನರ ಜಗಲಿಯಲ್ಲಿ ಕಾಫಿ ಕುಡಿಯುತ್ತಿರುತ್ತಾನೆ. ಆದ್ದರಿಂದ ನಾವು ಪಾರ್ಟಿಯ ವೇಷ ಹಾಕಿ ಫೋನ್ ಮಾಡಿ ಬಾಯಿ ಬಿಡಿಸುತ್ತೇವೆ. ಅದಕ್ಕಾಗಿಯೇ ಎಲ್ಲರ ಹತ್ತಿರವೂ ಇನ್ನೊಂದು ಫೋನ್ ಇರುತ್ತದೆ. ಇದನ್ನು ಮೋಸ ಎನ್ನಬೇಡಿ. ಎಲ್ಲರೂ ಮಾಡುವುದನ್ನು ಮೋಸ ಎಂದರೆ ಸಂಪ್ರದಾಯ ಎನ್ನುವುದು ಯಾವುದನ್ನು? ಆ ಆ್ಯಪಿನಲ್ಲಿ ಅಮ್ಮತ್ತಿಯ ಬ್ರೋಕರ್ ಬೋಪಣ್ಣನೂ ಹುದಿಕೇರಿಯ ಬ್ರೋಕರ್ ಹಂಸನೂ ತೋಟ ಹಾಕಿರುವುದು ಕಂಡಾಗ, 'ಇಡೀ ಕೊಡಗಿಗೆ ಒಬ್ಬರೇ' ಎಂದವರ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಸಿಟ್ಟಿಗಿಂತ ಮೊದಲು ಬಂದದ್ದು ಕುತೂಹಲ. ಬೋಪಣ್ಣನ ತೋಟದ ಕೆಳಗೆ 'ಆಸಕ್ತಿ ಇದೆ' ಎಂಬ ಗುಂಡಿ ಒತ್ತಿ, ಎರಡನೇ ಫೋನಿನ ನಂಬರು ಕೊಟ್ಟು, ನಾನೂ ಒಬ್ಬ ರಿಟೈರ್ಡ್ ಕರ್ನಲ್ ಆದೆ. ಕೊಡಗಿನಲ್ಲಿ ಕರ್ನಲ್ ಎಂದರೆ ಯಾರೂ ಅನುಮಾನ ಪಡುವುದಿಲ್ಲ. ಇಲ್ಲಿ ಪ್ರತಿ ತಿರುವಿನಲ್ಲೂ ಒಬ್ಬರು ಸಿಗುತ್ತಾರೆ. ಕೊಡವರ ಹೆಸರಿಟ್ಟುಕೊಂಡರೆ ಬೋಪಣ್ಣ 'ಯಾವ ಮನೆಯವರು?' ಎಂದು ಬೇರು ಕೀಳುತ್ತಾನೆಂದು ಮೈಸೂರಿನ ಕರ್ನಲ್ ಆದೆ.

ಈ ನಡುವೆ ಕಂಪನಿಯವರು ರಿನ್ಯೂವಲ್ ಎಂದು ಹೇಳಿ, ನನ್ನನ್ನು ಒಂದು ಮಾತೂ ಕೇಳದೆ, ಅಕೌಂಟಿನಿಂದ ಇನ್ನೊಂದು ಸಲ ದುಡ್ಡು ಎಳೆದುಕೊಂಡರು. ಮೆಷಿನ್ನಿನ ದುಡ್ಡಿಗೆ ಅಲ್ಲಿಗೆ ಪೂರ್ತಿ ಎಳ್ಳುನೀರು ಬಿಟ್ಟಂತಾಯಿತು. ಅಷ್ಟರಲ್ಲಿ ಬೋಪಣ್ಣನ ಫೋನ್ ಬಂತು.

"ಎಂತ ರುದ್ರಪ್ಪ, ನಿನಗೂ ಹಾಕಿದ್ರಾ ನಾಮ?"

"ನಿನಗೂ ಹಾಕಿದ್ರಾ?"

"ನನಗೆ ಹಾಕಿದ್ದು ಸಣ್ಣದಲ್ಲ ಮಾರಾಯ. ಹಂಸನಿಗೂ ಹಾಕಿದ್ದಾರೆ. ಬಿಡೋದು ಬೇಡ, ಮೂವರೂ ಸೇರಿ ಕೇಳುವ."

ಸಿದ್ದಾಪುರದ ಒಂದು ಹೋಟೆಲಿನಲ್ಲಿ ಸೇರಿದೆವು. ಬದುಕಿನುದ್ದಕ್ಕೂ ಒಬ್ಬರ ಪಾರ್ಟಿಯನ್ನು ಒಬ್ಬರು ಹಾರಿಸಿಕೊಂಡು ಬಂದ ನಾವು ಅಂದು ಒಂದೇ ತಾಯಿಯ ಮಕ್ಕಳಂತೆ ಕೂತೆವು. ಹಂಸ, "ನೋಡಿ ರುದ್ರಣ್ಣ, ಸತ್ಯ ನಮ್ಮ ಕಡೆ ಉಂಟು. ಸತ್ಯಕ್ಕೆ ಹೆದರಿಕೆ ಎಂತದು?" ಎಂದ. ಸತ್ಯ ಎಂಬ ಪದ ನಮ್ಮ ಮೇಜಿನ ಮೇಲೆ ಬಿದ್ದಾಗ ಮೂವರಿಗೂ ಸ್ವಲ್ಪ ಹೊಸದೆನಿಸಿತು. ಗ್ರಾಹಕರ ಕೋರ್ಟಿಗೆ ಹೋಗುತ್ತೇವೆಂದು ಹೆದರಿಸಿದ ಮೇಲೆ ಕಂಪನಿಯ ಮ್ಯಾನೇಜರು ನಮ್ಮ ಜೊತೆ ಮಾತಾಡಲು ಒಪ್ಪಿದ್ದ. ಬೋಪಣ್ಣ ತನ್ನ ಫೋನನ್ನು ಸ್ಪೀಕರಿಗೆ ಹಾಕಿ ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟ.

ನಾನು ಹಿಮದ ಬೆಟ್ಟದಿಂದ ಶುರು ಮಾಡಿದೆ. ಹಂಸ ಜೇನುತುಪ್ಪ ಕೇಳಿದವರ ಕಥೆ ಹೇಳಿದ. ಆ ಅಮ್ಮನವರ ನಂಬರು ಮೂವರಿಗೂ ಮಾರಾಟವಾಗಿತ್ತು. ಮ್ಯಾನೇಜರು ತಾಳ್ಮೆಯಿಂದ ಕೇಳಿದ. ಬೆಣ್ಣೆಯಲ್ಲಿ ಕೂದಲು ತೆಗೆಯುವಂಥ ದನಿ ಅವನದು. "ಅಂಥವರು ಒಂದಿಬ್ಬರು ಇರ್ತಾರೆ ಸಾರ್. ಆದ್ರೆ ನಿಮಗೆ ಸೀರಿಯಸ್ ಬಯರ್ಸೂ ಕೊಟ್ಟಿದೀವಲ್ಲ? ಬೋಪಣ್ಣ ಸಾರ್, ನಿಮಗೆ ಮೈಸೂರಿನ ಕರ್ನಲ್ ಒಬ್ಬರು. ರುದ್ರಪ್ಪ ಸಾರ್‌ಗೆ ಬೆಂಗಳೂರು ಡಾಕ್ಟರ್. ಹಂಸ ಸಾರ್ ಹಾಕಿರೋ ತೋಟಕ್ಕೂ ಅದೇ ಡಾಕ್ಟರ್. ಬೋಪಣ್ಣ ಸಾರ್, ರುದ್ರಪ್ಪ ಸಾರ್, ನಿಮ್ಮಿಬ್ಬರ ತೋಟಕ್ಕೂ ದುಬೈ ಪಾರ್ಟಿ ಬೇರೆ."

"ಕರ್ನಲ್ಲೂ ಇಲ್ಲ, ಮಣ್ಣೂ ಇಲ್ಲ! ಎಲ್ಲಾ ಡೂಪ್ಲಿಕೇಟ್!" ಎಂದು ಬೋಪಣ್ಣ ಮೇಜು ಗುದ್ದಿದ. ನಾನೂ ಅಷ್ಟೇ ಜೋರಾಗಿ, "ಆ ಡಾಕ್ಟರೂ ಡೂಪ್ಲಿಕೇಟ್!" ಎಂದೆ. ಬೋಪಣ್ಣ ಸಣ್ಣದಾಗಿ ಕೆಮ್ಮಿದ. ಆ ಕೆಮ್ಮನ್ನು ಎಲ್ಲೋ ಕೇಳಿದ್ದೇನಲ್ಲ ಎಂದುಕೊಳ್ಳುವಷ್ಟರಲ್ಲಿ ಮ್ಯಾನೇಜರು ಹೇಳಿದ: "ನಂಬರ್ ಚಾಲ್ತಿಯಲ್ಲಿದ್ರೆ ಲೀಡ್ ಜೆನ್ಯೂನ್ ಅಂತ ನಮ್ಮ ಷರತ್ತಲ್ಲೇ ಇದೆ ಸಾರ್. ಬೇಡ, ಈಗ್ಲೇ ನಿಮ್ಮೆದುರಿಗೇ ಕಾಲ್ ಮಾಡಿ ತೋರಿಸ್ತೀನಿ. ಮೊದಲು ಕರ್ನಲ್ ಸಾಹೇಬರಿಗೆ."

ನನ್ನ ಅಂಗಿಯ ಜೇಬಿನಲ್ಲಿ ಭಕ್ತಿಗೀತೆ ಶುರುವಾಯಿತು. ಕೈಯಿಂದ ಒತ್ತಿ ಹಿಡಿದೆ. ದೇವರು ಇನ್ನೂ ಜೋರಾಗಿ ಕೂಗಿದ. ಬೋಪಣ್ಣ ನನ್ನ ಜೇಬನ್ನೂ ಆಮೇಲೆ ನನ್ನ ಮುಖವನ್ನೂ ನೋಡಿದ. ಅವನು ಬಾಯಿ ತೆರೆಯುವ ಮೊದಲೇ ಮ್ಯಾನೇಜರು ಡಾಕ್ಟರಿಗೆ ಫೋನ್ ಹಚ್ಚಿದ. ಬೋಪಣ್ಣನ ಕೈಚೀಲದೊಳಗೆ ಕೊಡವರ ಮದುವೆ ವಾಲಗ ಮೊಳಗಿತು. ಕಾಫಿ ತಂದ ಸಪ್ಲಾಯರನ ಕಾಲು ತಾನಾಗಿ ತಾಳ ಹಾಕಿತು. ನಾವಿಬ್ಬರೂ ಒಟ್ಟಿಗೆ ಹಂಸನ ಕಡೆ ತಿರುಗಿದೆವು. ಹಂಸ ಕುರ್ಚಿಯಲ್ಲಿರಲಿಲ್ಲ, ಕೈ ತೊಳೆಯಲು ಎದ್ದು ಹೋಗಿದ್ದ. ಸ್ವಲ್ಪ ಹೊತ್ತಿಗೆ ಕೈ ತೊಳೆಯುವ ಜಾಗದಲ್ಲಿ ದುಬೈ ರಿಂಗಾಯಿತು.

"ಮೂರೂ ರಿಂಗ್ ಆಗ್ತಾ ಇದೆ ಸಾರ್. ಜೆನ್ಯೂನ್," ಎಂದ ಮ್ಯಾನೇಜರು. "ಅಲ್ಲ ಅಂತೀರಾದ್ರೆ, ಈ ನಂಬರ್ ಯಾರದ್ದು ಅಂತ ಬರೆದು ಸಹಿ ಮಾಡಿ ಕಳಿಸಿ. ದುಡ್ಡು ವಾಪಸ್ ಮಾಡೋಣ."

ಕಳ್ಳನಿಗೆ ಚೇಳು ಕುಟುಕಿದ ಹಾಗೆ ಎನ್ನುತ್ತಾರಲ್ಲ, ಆ ನೋವನ್ನು ಮೂವರೂ ಒಂದೇ ಮೇಜಿನಲ್ಲಿ ಕೂತು ಅನುಭವಿಸಿದೆವು. ಆ ಕಂಪನಿ ನಮಗೆ ಮಾರಿದ್ದು ನಮ್ಮನ್ನೇ. ನನ್ನನ್ನು ಬೋಪಣ್ಣನಿಗೆ, ಬೋಪಣ್ಣನನ್ನು ನನಗೂ ಹಂಸನಿಗೂ, ಹಂಸನನ್ನು ನಮ್ಮಿಬ್ಬರಿಗೂ. ನಮ್ಮ ಇಡೀ ಬದುಕಿನಲ್ಲಿ ನಾವು ಕೂಡ ಇಂಥ ವ್ಯಾಪಾರ ಮಾಡಿದ್ದಿಲ್ಲ: ಸರಕೂ ಗಿರಾಕಿಯದೇ, ದುಡ್ಡೂ ಗಿರಾಕಿಯದೇ. ಆ ಮ್ಯಾನೇಜರಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತೆಂದು ನನಗೆ ಈಗಲೂ ಅನುಮಾನ. ಸಹಿ ಮಾಡಿ ಕಳಿಸುವ ಬಗ್ಗೆ ಯಾರೂ ಮಾತೆತ್ತಲಿಲ್ಲ. ಬೋಪಣ್ಣ, "ಸುಂಟಿಕೊಪ್ಪದ್ದು ನನಗೂ ಸಿಕ್ಕಲಿಲ್ಲ ಮಾರಾಯ, ಬೇರೆ ಯಾರೋ ಹಾರಿಸಿದ್ರು," ಎಂದು ನನ್ನನ್ನು ಸಮಾಧಾನ ಮಾಡಿದ. ಹಂಸ ಕೈ ಒರೆಸಿಕೊಳ್ಳುತ್ತಾ ಬಂದು ಮೂವರ ಕಾಫಿಯ ಬಿಲ್ಲನ್ನೂ ತಾನೇ ಕೊಟ್ಟ. ದುಬೈ ಪಾರ್ಟಿಯಿಂದ ನಮಗಾದ ಲಾಭ ಅಷ್ಟೆ.

ಮನೆಗೆ ಬಂದು ಗಿರಿಜೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ವಿವರಣೆ ಸೇರಿಸಲಿಲ್ಲ. ಅವಳು ಬೈಯಲಿಲ್ಲ. ಮದುವೆ ಸೀಸನ್ನಿನ ಒಂದು ದೊಡ್ಡ ಆರ್ಡರ್ ಬಂದಿತ್ತು, ಮೆಷಿನ್ ಇಲ್ಲವೆಂದು ವಾಪಸ್ ಕಳಿಸಿದೆ ಎಂದಷ್ಟೇ ಹೇಳಿ ಒಳಗೆ ಹೋದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಉತ್ತರ ಕೊಡುವುದೇ ನನ್ನ ಕಸುಬು.

ವಾರ ಕಳೆದ ಮೇಲೆ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು. "ನಮ್ಮ ಅಂಗಡಿಗೆ ಬರೋ ಟೀಚರ್ ಒಬ್ರು ಮನೆ ಕಟ್ಟೋಕೆ ಸೈಟ್ ನೋಡ್ತಾ ಇದಾರೆ. ಬ್ಯಾಂಕ್ ಸಾಲನೂ ಆಗಿದೆ."

ನಾನು ಅನ್ನ ಬಿಟ್ಟು ನೆಟ್ಟಗೆ ಕೂತೆ. "ಯಾರು? ಹೆಸರೇನು? ಎಲ್ಲಿಯವರು?"

"ಹೆಸರು ಹೇಳಿದ್ರೆ ನೀವು ಚಪ್ಪಲಿ ಹಾಕ್ಕೊಂಡು ಹೊರಟುಬಿಡ್ತೀರಿ. ಮೊದಲು ಮೆಷಿನ್ ಬರಲಿ, ಆಮೇಲೆ ಹೆಸರು."

"ಗ್ಯಾರಂಟಿ ಏನು, ಅವರು ನಿಜವಾಗ್ಲೂ ತಗೊಳ್ತಾರೆ ಅಂತ?"

"ಆ ಬೆಂಗಳೂರು ಹುಡುಗಿ ಹತ್ರ ಕೇಳಿದ್ರಾ ಗ್ಯಾರಂಟಿ?" ಎಂದು ಅವಳು ಮಜ್ಜಿಗೆ ಬಡಿಸಿದಳು.

ನ್ಯಾಯವಾದ ಮಾತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಮರುದಿನ ಬಸ್ ಸ್ಟ್ಯಾಂಡಿನ ಹಿಂದೆ ನಿಂತು, ಹೊಸ ಸಿಮ್ ಹಾಕಿ, ದನಿ ದಪ್ಪ ಮಾಡಿಕೊಂಡು ಗಿರಿಜೆಯ ಅಂಗಡಿಗೆ ಫೋನ್ ಮಾಡಿದೆ. ಮೈಸೂರಿನ ಬಿಲ್ಡರ್ ಎಂದೆ. ನಿಮ್ಮಲ್ಲಿ ಸೈಟು ಹುಡುಕುತ್ತಿರುವ ಟೀಚರ್ ಒಬ್ಬರು ಇದ್ದಾರಂತೆ, ಅವರ ಹೆಸರು ಸಿಕ್ಕಬಹುದೇ ಎಂದು ಕೇಳಿದೆ. ಆ ಕಡೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು.

"ಅದನ್ನೆಲ್ಲಾ ನಮ್ಮ ಯಜಮಾನ್ರನ್ನೇ ಕೇಳಬೇಕು ಸಾರ್," ಎಂದಳು ಗಿರಿಜೆ, ಬಹಳ ಮರ್ಯಾದೆಯಿಂದ. "ಬ್ರೋಕರ್ ರುದ್ರಪ್ಪ ಅಂತ. ಈ ಊರಲ್ಲಿ ಅವರಷ್ಟು ನಂಬಿಕಸ್ತರು ಇನ್ನೊಬ್ಬರಿಲ್ಲ."

ಅಂದೇ ಹೋಗಿ ಕಂತಿನ ಮೇಲೆ ಎಂಬ್ರಾಯ್ಡರಿ ಮೆಷಿನ್ ತಂದೆ. ಗಿರಿಜೆ ಸಂತೋಷದಿಂದ ಅರಿಶಿನ ಕುಂಕುಮ ಹಚ್ಚಿ, ಟೀಚರ ಹೆಸರು ಹೇಳಿದಳು. ಫೋನಿನಲ್ಲಿ ಅವಳು ಹೇಳಿದ ಆ ಮಾತು ನಿಜವಾಗಿ ಹೇಳಿದ್ದೋ, ದನಿ ಗುರುತು ಹಿಡಿದು ಹೇಳಿದ್ದೋ ಎಂದು ಅಂದಿನಿಂದ ನನ್ನ ತಲೆ ಕೊರೆಯುತ್ತಿದೆ. ಅವಳನ್ನೇ ಕೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಆದರೆ ಕೇಳಬೇಕಾದರೆ ಆ ಮೈಸೂರಿನ ಬಿಲ್ಡರ್ ಯಾರೆಂದು ಮೊದಲು ಹೇಳಬೇಕಾಗುತ್ತದೆ.