ಅತ್ತೆಯ ಹಂಡೆ ಮತ್ತು ಎರಡು ಸೀಟಿನ ಎಂ.ಜಿ.

ಕಾಪುವಿನಿಂದ ಸಂತೆಕಟ್ಟೆಯವರೆಗೆ ನಾನು ಓಡಿಸದ ಗಾಡಿ ಇಲ್ಲ! ಓಡುವ ಗಾಡಿಯನ್ನು ಓಡಿಸುವವರು ಬೇಕಾದಷ್ಟು ಜನ. ಸತ್ತು ಬಿದ್ದದ್ದನ್ನು ಎಬ್ಬಿಸಿ ಓಡಿಸುವವನು ಒಬ್ಬನೇ, ಅವನು ಈ ರೊಸಾರಿಯೊ. ಶಾಲೆಯಲ್ಲಿ ನಾನು ಐದನೆಯ ಕ್ಲಾಸು ದಾಟಿದವನಲ್ಲ. ಆದರೆ ಎಂಜಿನ್ನಿಗೆ ಕಿವಿಗೊಟ್ಟರೆ ಸಾಕು, ಪಾದ್ರಿಗಳ ಮುಂದೆ ಪಾಪನಿವೇದನೆ ಮಾಡಿದ ಹಾಗೆ ಅದು ತನ್ನ ಹೊಟ್ಟೆಯೊಳಗಿನದನ್ನೆಲ್ಲ ನನಗೆ ಹೇಳಿಬಿಡುತ್ತದೆ. ೧೯೬೪ರ ಜನವರಿ ತಿಂಗಳವರೆಗೆ ಹೀಗೆಂದು ನಾನು ನಂಬಿದ್ದೆ.

ಆ ಜನವರಿಯಲ್ಲಿ ನನ್ನ ಮಗಳು ಆಂಜೆಲಾಳ ಮದುವೆ. ಹುಡುಗ ಕಾರ್ಕಳದವನು, ಮದುವೆ ಕಾರ್ಕಳದ ಇಗರ್ಜಿಯಲ್ಲಿ. ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ನಾನು ಘೋಷಣೆ ಹೊರಡಿಸಿದೆ:

"ನನ್ನ ಮಗಳು ಇಗರ್ಜಿಗೆ ಹೋಗುವುದು ಅವಳ ಅಪ್ಪ ರಿಪೇರಿ ಮಾಡಿದ ಗಾಡಿಯಲ್ಲಿ! ಅವಳ ಅಪ್ಪನೇ ಓಡಿಸಿಕೊಂಡು!"

"ಯಾವ ಗಾಡಿ?" ಎಂದಳು ಹೆಂಡತಿ ಜೆರ್ಟ್ರೂಡ್, ಮೀನಿನ ಸಾರು ಬಡಿಸುತ್ತ.

"ಕಾರ್ಕಳದ ದೇವದಾಸ ಬಲ್ಲಾಳರ ಎಂ.ಜಿ."

"ಕೋಳಿಗಳು ಮೊಟ್ಟೆ ಇಡುತ್ತವಲ್ಲ, ಆ ಗಾಡಿಯಾ?"

"ಇಡುತ್ತಿದ್ದವು! ಈಗ ಅದು ನನ್ನ ಗ್ಯಾರೇಜಿನಲ್ಲಿ ಉಂಟು."

"ಅದರಲ್ಲಿ ಇಬ್ಬರೇ ಕೂರಬಹುದಲ್ಲ?"

"ಮದುಮಗಳು ಒಬ್ಬಳು, ಅಪ್ಪ ಒಬ್ಬ. ಮೂರನೆಯವರಿಗೆ ಅಲ್ಲಿ ಎಂತ ಕೆಲಸ?"

"ಸಿರಿಲ್ ತನ್ನ ಗಾಡಿ ತರುತ್ತೇನೆಂದು ಹೇಳಿದ್ದಾನೆ," ಎಂದಳು ಅವಳು ಮೆಲ್ಲಗೆ.

ನನ್ನ ಕೈಯ ತುತ್ತು ಬಟ್ಟಲಿಗೆ ವಾಪಸು ಬಿತ್ತು! ಸಿರಿಲ್ ನನ್ನ ಹೆಂಡತಿಯ ತಮ್ಮ, ಉಡುಪಿಯಲ್ಲಿ ಟ್ಯಾಕ್ಸಿ ಇಟ್ಟವನು. ಎರಡು ವರ್ಷದ ಹಿಂದೆ ಒಂದು ಆದಿತ್ಯವಾರ ಪೂಜೆ ಮುಗಿಸಿ ಹೊರಬಂದವನು ಹತ್ತು ಜನರ ಎದುರಿಗೆ ಹೀಗೆಂದಿದ್ದ: "ಭಾವ ರಿಪೇರಿ ಮಾಡಿದ ಗಾಡಿಗೆ ಡ್ರೈವರ್ ಒಬ್ಬ ಸಾಕಾಗುವುದಿಲ್ಲ, ತಳ್ಳಲಿಕ್ಕೆ ಬೇರೆ ನಾಲ್ಕು ಜನ ಬೇಕು. ನನ್ನ ಗಾಡಿ ನೋಡಿ, ಎಲ್ಲವೂ ಒರಿಜಿನಲ್ ಪಾರ್ಟ್ಸು!" ಅಂದು ಮನೆಗೆ ಮರಳಿದ್ದು ಅವನ ಗಾಡಿಯಲ್ಲೇ. ಇಳಿದು ಬಾಗಿಲನ್ನು ಧಡಾರನೆ ಹಾಕಿದೆ. ಹಿಡಿ ನನ್ನ ಕೈಯಲ್ಲೇ ಉಳಿಯಿತು. ಒರಿಜಿನಲ್ ಹಿಡಿ! ಅಂದಿನಿಂದ ಆ ಗಾಡಿಯಲ್ಲಿ ನಾನು ಕಾಲಿಟ್ಟವನಲ್ಲ.

ಬಲ್ಲಾಳರ ಎಂ.ಜಿ. ಯಾರೋ ಎಸ್ಟೇಟಿನ ದೊರೆಯ ಕೈಯಿಂದ ಬಂದದ್ದು. ಹಸಿರು ಬಣ್ಣ, ಉದ್ದ ಮೂಗು, ತಲೆಯ ಮೇಲೆ ಮಡಚುವ ಬಟ್ಟೆಯ ಮಾಡು. "ಓಡುವ ಹಾಗೆ ಮಾಡು ರೊಸಾರಿಯೊ, ಮದುವೆಗೆ ನೀನೇ ಕೊಂಡುಹೋಗು," ಎಂದಿದ್ದರು ಬಲ್ಲಾಳರು. ಅದರ ಎಂಜಿನ್ನಿನ ಸ್ವಭಾವ ವಿಚಿತ್ರ. ಬೋಲ್ಟುಗಳ ತಲೆ ಇಂಗ್ಲಿಷ್ ಅಳತೆ, ಒಳಗಿನ ತಿರುಪಿನ ಮರೆ ಫ್ರೆಂಚ್ ಅಳತೆ! ಹೊರಗೊಂದು ಒಳಗೊಂದು. ನನ್ನ ಭಾವಮೈದನ ಹಾಗೆಯೇ. ಬೊಂಬಾಯಿಗೆ ಕಾಗದ ಬರೆಸಿದೆ. ಪಾರ್ಟ್ಸು ವಿಲಾಯತಿಯಿಂದ ಬರಬೇಕು, ಆರು ತಿಂಗಳು ಕಾಯಿರಿ ಎಂದು ಉತ್ತರ ಬಂತು. ಆರು ತಿಂಗಳಿಗೆ ನನ್ನ ಮಗಳು ಗಂಡನ ಮನೆಯಲ್ಲಿ ಹಳಬಳಾಗಿರುತ್ತಾಳೆ!

ಆಗ ನನ್ನ ತಲೆ ಓಡಿತು. ಹಳೆಯ ಹಿಂದುಸ್ತಾನ್ ಟೆನ್ ಗಾಡಿಯ ಎಂಜಿನ್ನೂ ಇದೂ ದಾಯಾದಿಗಳು. ಸಂತೆಕಟ್ಟೆಯ ಗುಜರಿಯಲ್ಲಿ ಅಂಥದೊಂದು ಚಕ್ರವಿಲ್ಲದೆ ಕುಳಿತಿತ್ತು. ಅದರಿಂದ ವಾಲ್ವು ಬಂತು, ಸ್ಪ್ರಿಂಗು ಬಂತು, ನೀರಿನ ಪಂಪು ಬಂತು. ಬಾರದೆ ಉಳಿದದ್ದು ಒಂದೇ, ಹೆಡ್ ಗ್ಯಾಸ್ಕೆಟ್. ಎಂಜಿನ್ನಿನ ತಲೆಗೂ ಮೈಗೂ ನಡುವೆ ಕೂರುವ ತಗಡು ಅದು. ಅದಿಲ್ಲದಿದ್ದರೆ ಬೆಂಕಿಯೂ ನೀರೂ ಒಂದಾಗುತ್ತವೆ. ಗುಜರಿ ಗಾಡಿಯಲ್ಲಿದ್ದದ್ದು ಹಪ್ಪಳದ ಹಾಗೆ ಮುರಿಯಿತು. ಆದರೂ ಚೂರು ಜೋಡಿಸಿ ಕಾಗದದ ಮೇಲೆ ಅದರ ನಕ್ಷೆ ತೆಗೆದುಕೊಂಡೆ. ಇನ್ನು ಬೇಕಾದದ್ದು ದಪ್ಪ ತಾಮ್ರದ ತಗಡು. ಉಡುಪಿಯ ಪಾತ್ರೆ ಅಂಗಡಿಗಳಲ್ಲೆಲ್ಲ ಸಿಕ್ಕಿದ್ದು ವೀಳ್ಯದೆಲೆಯಷ್ಟು ತೆಳ್ಳಗಿನದು.

ಮದುವೆಗೆ ನಾಲ್ಕು ದಿನ ಇರುವಾಗ ಸಿರಿಲ್ ಮನೆಗೆ ಬಂದ. ಅಂಗಳದಲ್ಲೇ ನಿಂತು ಕೇಳಿದ:

"ಗ್ಯಾಸ್ಕೆಟ್ ಸಿಗಲಿಲ್ಲವಂತಲ್ಲ ಭಾವ?"

"ಯಾರು ಹೇಳಿದ್ದು?"

"ಉಡುಪಿಯಿಡೀ ಹೇಳುತ್ತದೆ. ಇರಲಿ ಮಾರಾಯ್ರೆ, ಬೇಜಾರು ಮಾಡಬೇಡಿ. ನನ್ನ ಗಾಡಿ ತೊಳೆದು ಇಟ್ಟಿದ್ದೇನೆ. ಹೂವು ಕಟ್ಟುವುದೊಂದೇ ಬಾಕಿ."

ಅವನ ಬೆನ್ನು ಗೇಟು ದಾಟುವವರೆಗೆ ನಾನು ಹಲ್ಲು ಕಚ್ಚಿ ನಿಂತೆ. ಜೆರ್ಟ್ರೂಡ್ ಮಗಳನ್ನು ಕರೆದುಕೊಂಡು ದರ್ಜಿಯಲ್ಲಿಗೆ ಹೋಗಿದ್ದಳು. ಸಿಟ್ಟಿನಲ್ಲಿ ಮುಖ ತೊಳೆಯಲು ಬಚ್ಚಲುಮನೆಗೆ ಹೋದವನ ಕಣ್ಣಿಗೆ ಒಲೆಯ ಮೇಲೆ ಕುಳಿತಿದ್ದ ಹಂಡೆ ಬಿತ್ತು. ತಾಮ್ರದ ಹಂಡೆ! ದಪ್ಪ ತಾಮ್ರ!

ಇಲ್ಲಿ ನಾನು ಗಂಭೀರವಾಗಿ ಒಂದು ಮಾತು ಹೇಳಬೇಕು. ಆ ಹಂಡೆ ನನ್ನ ಅತ್ತೆ ಆಲಿಸ್‌ಬಾಯಿಯವರದು. ನಮ್ಮಲ್ಲಿ ಮದುವೆಯ ಹಿಂದಿನ ದಿನ ರೋಸ್ ಎಂಬ ಶಾಸ್ತ್ರ ಉಂಟು. ಮದುಮಗಳಿಗೆ ತೆಂಗಿನಹಾಲು ಹಚ್ಚಿ ಬಿಸಿನೀರು ಹೊಯ್ಯುವುದು. ಅತ್ತೆ ತನ್ನ ಮಗಳಿಗೆ ನೀರು ಹೊಯ್ದದ್ದು ಆ ಹಂಡೆಯಿಂದ. ಮರುದಿನ ಹಂಡೆಯನ್ನೂ ಅವಳ ಜೊತೆಗೇ ಕಳಿಸಿಕೊಟ್ಟಿದ್ದರು. ಕಂಠದ ಹತ್ತಿರ ಚುಕ್ಕಿ ಚುಕ್ಕಿಯಾಗಿ ಅವರ ಹೆಸರು ಕೊರೆಸಿತ್ತು.

ಇದೆಲ್ಲ ನನಗೆ ಗೊತ್ತಿತ್ತು. ಸಿಟ್ಟಿಗೆ ಗೊತ್ತಿರಲಿಲ್ಲ.

ಹಂಡೆಯನ್ನು ಗೋಣಿಯಲ್ಲಿ ಸುತ್ತಿ ಗ್ಯಾರೇಜಿಗೆ ಹೊತ್ತೆ. ಹೊಟ್ಟೆ ಸೀಳಿದೆ, ಬಡಿದು ಚಪ್ಪಟೆ ಮಾಡಿದೆ, ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೆ. ನಕ್ಷೆಯಿಟ್ಟು ಕತ್ತರಿಸುತ್ತಿದ್ದಾಗ ಒಂದು ಮೂಲೆಯಲ್ಲಿ ಅತ್ತೆಯ ಹೆಸರು ಬಂತು. ಕತ್ತರಿ ನಿಂತಿತು. ಬದುಕಿರುವಾಗ ಆ ತಾಯಿ ನನಗೆ ಒಂದು ಬಿರುಸು ಮಾತು ಆಡಿದವರಲ್ಲ. ಹೆಸರಿನ ಮೇಲೆ ಕತ್ತರಿ ಆಡಿಸಲು ಕೈ ಬರಲಿಲ್ಲ. ಅಷ್ಟನ್ನು ಕಿವಿಯ ಹಾಗೆ ಹೊರಗೆ ಚಾಚಿಕೊಂಡಿರಲು ಬಿಟ್ಟು ಬೋಲ್ಟು ಬಿಗಿದೆ.

ಎಂಜಿನ್ ಶುರುವಾಯಿತು! ಎಂಥ ಸ್ವರ! ಕಾಪುವಿನಿಂದ ಎರಡು ಮೈಲು ಹೋಗಿ ಬಂದೆ. ದಾರಿಯಲ್ಲಿ ದನಗಳು ಕೂಡ ಎದ್ದು ನಿಂತು ಗೌರವ ಕೊಟ್ಟವು.

ಮನೆಯಲ್ಲಿ ಮಾತ್ರ ಗೌರವ ಸಿಗಲಿಲ್ಲ.

"ಹಂಡೆ ಎಲ್ಲಿ?"

"ತಳ ಸೋರುತ್ತಿತ್ತು. ಬೆಸುಗೆಗೆ ಕೊಟ್ಟಿದ್ದೇನೆ."

"ಮೂವತ್ತು ವರ್ಷ ಸೋರದ್ದು ಈಗ ಸೋರಿತಾ?"

"ಹಂಡೆಗೆ ವಯಸ್ಸಾಗುವುದಿಲ್ವಾ? ರೋಸಿನ ದಿನಕ್ಕೆ ವಾಪಸು ಬರುತ್ತದೆ, ಸುಮ್ಮನಿರು!"

ರೋಸಿನ ದಿನ ನೆಂಟರು ಬಂದರು, ತೆಂಗಿನಹಾಲು ಬಂತು, ಹಂಡೆ ಬರಲಿಲ್ಲ. ಕೊನೆಗೆ ನೆರೆಮನೆಯ ಗುಣವತಿಯಕ್ಕನ ಅಲ್ಯುಮಿನಿಯಂ ಪಾತ್ರೆ ತಂದು ನೀರು ಕಾಯಿಸಿದರು. ಜೆರ್ಟ್ರೂಡ್ ಬೈಯಲಿಲ್ಲ. ಮಗಳ ತಲೆಗೆ ಚೊಂಬು ಎತ್ತುವಾಗ ಇಷ್ಟೇ ಹೇಳಿದಳು: "ಅಮ್ಮನ ಹಂಡೆಯ ನೀರು ನಿನಗೆ ಬೀಳಬೇಕೆಂದು ಇತ್ತು ನನಗೆ." ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಅಂಗಳಕ್ಕೆ ಹೋಗಿ ಚಪ್ಪರದ ಸಡಿಲವೇ ಇಲ್ಲದ ಗಂಟುಗಳನ್ನು ಬಿಗಿಮಾಡುತ್ತ ನಿಂತೆ.

ಮದುವೆಯ ಬೆಳಿಗ್ಗೆ ಎಂ.ಜಿ. ಹೊರಟಿತು. ಬಿಳಿ ಸೀರೆ, ಮುಡಿತುಂಬ ಶಂಕರಪುರ ಮಲ್ಲಿಗೆ, ಪಕ್ಕದಲ್ಲಿ ಮಗಳು. ಕರಿ ಕೋಟು ಹಾಕಿ ಸ್ಟಿಯರಿಂಗ್ ಹಿಡಿದ ನಾನು ಗವರ್ನರನಿಗಿಂತ ಒಂದು ಗೇಣು ಎತ್ತರವಿದ್ದೆ. ಹಿಂದೆ ಧೂಳು ತಿನ್ನುತ್ತ ಸಿರಿಲನ ಗಾಡಿ, ಅದರೊಳಗೆ ಜೆರ್ಟ್ರೂಡ್ ಮತ್ತು ಚಿಕ್ಕಮ್ಮಂದಿರು. ಶಿರ್ವ ದಾಟಿತು. ಬೆಳ್ಮಣ್ಣಿನ ಏರು ಬಂತು.

"ಪಪ್ಪಾ, ಹೊಗೆ!"

"ಹೊಗೆಯಲ್ಲ ಮಗಾ, ಮಂಜು."

"ಮಂಜು ಬಾನೆಟ್ಟಿನೊಳಗಿಂದ ಬರುತ್ತದಾ?"

ಗಾಡಿ ಭುಸ್ ಎಂದು ನಿಂತಿತು. ಇಳಿದು ಬಾನೆಟ್ ಎತ್ತಿದೆ. ಸಿರಿಲ್ ಹಿಂದಿನಿಂದ ಕೂಗಿದ: "ಭಾವಾ! ರೇಡಿಯೇಟರಿನ ಮುಚ್ಚಳ ಈಗ ತೆಗೆಯಬೇಡಿ!"

ಬೇರೆ ಯಾರು ಹೇಳಿದ್ದರೂ ತೆಗೆಯುತ್ತಿರಲಿಲ್ಲ. ಟವಲು ಸುತ್ತಿ ತಿರುಗಿಸಿದೆ. ತುಕ್ಕುನೀರು ತೆಂಗಿನಮರದೆತ್ತರ ಹಾರಿತು! ಪುಣ್ಯಕ್ಕೆ ಹಿಂದೆ ಜಿಗಿದಿದ್ದೆ, ಮೈ ಸುಡಲಿಲ್ಲ. ಕೋಟು ಮಾತ್ರ ಕರಿ ಹೋಗಿ ಕಾವಿಯಾಯಿತು.

ತಪ್ಪು ಅಲ್ಲೇ ನಿಂತು ಹೊಳೆಯಿತು. ದಾಯಾದಿಗಳೆಂದ ಮಾತ್ರಕ್ಕೆ ಎಲ್ಲವೂ ಒಂದೇ ಅಳತೆಯೇ? ಎಂ.ಜಿ.ಯ ತಲೆಯಲ್ಲಿ ನೀರು ಹರಿಯುವ ತೂತುಗಳು ಬಾಳೆಹಣ್ಣಿನಂತೆ ಬಾಗಿದಂಥವು. ನಾನು ಟೆನ್ನಿನ ನಕ್ಷೆ ನೋಡಿ ಸಣ್ಣ ದುಂಡು ತೂತು ಕೊರೆದಿದ್ದೆ. ನೀರಿಗೆ ಅರ್ಧ ದಾರಿಯೇ ಇರಲಿಲ್ಲ. ಎರಡು ಮೈಲಿಗೆ ತಡೆದದ್ದು ಹತ್ತು ಮೈಲಿಗೆ ಕುದಿಯಿತು.

"ನೀವೆಲ್ಲ ಹೋಗಿ," ಎಂದೆ ನಾನು. "ತಣಿದ ಮೇಲೆ ನಾನು ಇದರಲ್ಲೇ ಬರುತ್ತೇನೆ."

"ಪೂಜೆ ಹತ್ತು ಗಂಟೆಗೆ ಪಪ್ಪಾ!"

"ಸಿರಿಲನ ಗಾಡಿ ನಾನು ಹತ್ತುವುದಿಲ್ಲ!"

ಆಂಜೆಲಾ ಸೀರೆ ಎತ್ತಿ ಹಿಡಿದು ಇಳಿದಳು. "ನನ್ನ ಕೈ ಹಿಡಿದು ಇಗರ್ಜಿಯೊಳಗೆ ಕರೆದುಕೊಂಡು ಹೋಗಬೇಕಾದವರು ನೀವಲ್ವಾ? ಗಾಡಿ ಯಾವುದಾದರೆ ಎಂತ? ಗಾಡಿ ಹೇಗೂ ಒಳಗೆ ಬರುವುದಿಲ್ಲ. ನೀವು ಬಾರದೆ ನಾನು ಇಲ್ಲಿಂದ ಕದಲುವುದಿಲ್ಲ." ಹೇಳಿದವಳೇ ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕುಳಿತುಬಿಟ್ಟಳು. ಅವಳ ಹಟ ಯಾರ ಕಡೆಯದೆಂದು ನಾನು ಹೇಳಬೇಕಾಗಿಲ್ಲ.

ಅಷ್ಟರಲ್ಲಿ ಜೆರ್ಟ್ರೂಡ್ ಬಂದು ಎಂಜಿನ್ನಿನೊಳಗೆ ಇಣುಕಿದಳು. ತಲೆಗೂ ಮೈಗೂ ನಡುವಿನಿಂದ ತಾಮ್ರದ ಕಿವಿಯೊಂದು ಹೊರಚಾಚಿತ್ತು. ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ, ಆಲಿಸ್.

ಅವಳು ಅದನ್ನು ಬಹಳ ಹೊತ್ತು ನೋಡಿದಳು. ನಾನು ಬಿರುಗಾಳಿಗೆ ಸಿದ್ಧನಾಗಿ ನಿಂತೆ. ಆ ಕಿವಿಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಜೆರ್ಟ್ರೂಡ್ ಕರವಸ್ತ್ರ ಒಡ್ಡಿದಳು. ಎರಡು ತೊಟ್ಟು ಬಿದ್ದವು. ಊದಿ ಆರಿಸಿ, ಮೈಲಿಗಲ್ಲಿನ ಹತ್ತಿರ ಹೋಗಿ, ಅದನ್ನು ಮಗಳ ಹಣೆಗೆ ಒತ್ತಿದಳು.

"ಆಯಿತು," ಎಂದಳು. "ಅಮ್ಮನ ಹಂಡೆಯ ನೀರು ಬಿತ್ತು."

ಆಮೇಲೆ ನನ್ನ ಕಡೆ ತಿರುಗಿದಳು: "ಎಲ್ಲಿ ಕೂರಿಸಿದರೂ ನೀರು ಕಾಯಿಸುವ ಹಂಡೆ ಅದು. ತನ್ನ ಕೆಲಸ ಅದು ಮರೆಯಲಿಲ್ಲ. ನೀವು ನಿಮ್ಮದನ್ನು ಮರೆಯಬೇಡಿ. ಗಾಡಿ ಹತ್ತಿ."

ಇಬ್ಬರು ಚಿಕ್ಕಮ್ಮಂದಿರು ಹಿಂದೆ ಬರುವ ಬಸ್ಸಿಗೆಂದು ಇಳಿದರು. ಮಗಳು ಹಿಂದೆ ಕುಳಿತಳು. ನಾನು ಕಾವಿ ಕೋಟಿನೊಂದಿಗೆ ಮುಂದಿನ ಸೀಟಿನಲ್ಲಿ, ಎರಡು ವರ್ಷದ ಮೇಲೆ, ಸಿರಿಲನ ಪಕ್ಕದಲ್ಲಿ ಕುಳಿತೆ. ಅವನು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಕೀ ತಿರುಗಿಸಿ, ನನ್ನ ಕಡೆಯ ಇನ್ನೂ ತೆರೆದಿದ್ದ ಬಾಗಿಲನ್ನು ನೋಡಿ, ತುಂಬ ಮರ್ಯಾದೆಯಿಂದ ಹೇಳಿದ:

"ಭಾವ, ಬಾಗಿಲು ಸ್ವಲ್ಪ ಮೆಲ್ಲ ಹಾಕಿ ಮಾರಾಯ್ರೆ. ಈ ಗಾಡಿಯಲ್ಲಿ ಒರಿಜಿನಲ್ ಅಲ್ಲದ್ದು ಆ ಹಿಡಿ ಒಂದೇ."

ನನ್ನ ಜನ್ಮದಲ್ಲಿ ಮೊದಲ ಸಲ ನಾನು ಒಂದು ಬಾಗಿಲನ್ನು ಸದ್ದಾಗದಂತೆ ಹಾಕಿದೆ.