ಜೇಡನ ಬಾಯಿಂದ ಉಳಿದ ಕಾರು

ಬೆಲ್‌ಗ್ರೇಡಿನಲ್ಲಿ ಹುಡುಕಿದರೆ ಒಳ್ಳೆಯ ಗಂಡು ಸಿಗಬಹುದು, ಹೆಣ್ಣು ಸಿಗಬಹುದು, ಅಗ್ಗದ ಬಾಡಿಗೆ ಮನೆಯೂ ಸಿಗಬಹುದು. ಶನಿವಾರ ಮಧ್ಯಾಹ್ನ ಕಾರು ನಿಲ್ಲಿಸಲು ಜಾಗ ಮಾತ್ರ ಸಿಗುವುದಿಲ್ಲ. ವುಕಾಶಿನ್‌ನ ಎಲ್ಲ ಫಜೀತಿಗೂ ಇಷ್ಟೇ ಕಾರಣ.

ಅವನ ಪುಟ್ಟ ಬಿಳಿ ಕಾರಿನಲ್ಲಿ ನಾಲ್ವರಿದ್ದರು. ನಾಲ್ವರೂ ಪಿರೋಟ್ ಊರಿನವರು, ಅಲ್ಲಿನ ಜಾನಪದ ಗಾಯನ ತಂಡದವರು. ಸಂಜೆ ಐದಕ್ಕೆ ಹಾಡು, ಭಾನುವಾರ ಊರು ನೋಡುವುದು, ರಾತ್ರಿಯೊಳಗೆ ವಾಪಸ್ಸು ಎಂದು ಹೊರಟವರು ಒಂದು ಗಂಟೆಯಿಂದ ಬೀದಿ ಬೀದಿ ಸುತ್ತುತ್ತಿದ್ದರು. ಒಂದು ಕಡೆ ನೆಲದಡಿಯ ಗ್ಯಾರೇಜು ಸಿಕ್ಕಿತು. ತಂಡದ ಮುಖ್ಯಸ್ಥರಾದ ಸ್ತಾನಿಮಿರ್ ಮೇಷ್ಟ್ರು ಅದರ ದರಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಓದಿದರು, ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು.

"ಮುಂದೆ ನಡಿ," ಎಂದರು. ಪಿರೋಟ್‌ನವರ ಕೈ ಬಿಗಿ ಎಂದು ದೇಶವೆಲ್ಲ ನಗುವುದು ಸುಮ್ಮನೆ ಅಲ್ಲ.

ಕೊನೆಗೆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, 'ಇಲ್ಲಿ ನಿಲ್ಲಿಸಬಾರದು' ಎಂಬ ಫಲಕದ ಕೆಳಗೆ ಒಂದು ಕಾರಿಗಾಗುವಷ್ಟು ಜಾಗ ಕಂಡಿತು. ವುಕಾಶಿನ್ ಎರಡು ಚಕ್ರವನ್ನು ಕಾಲುದಾರಿಯ ಮೇಲೆ ಹತ್ತಿಸಿ ನಿಲ್ಲಿಸಿದ.

"ಜೇಡ ಬಂದ್ರೆ ಮೇಷ್ಟ್ರೇ?" ಎಂದ ಬ್ಲಾಗೊಯೆ. ಇವನು ತಂಡದ ದಪ್ಪ ಗಂಟಲಿನವನು.

ಕಾರು ಎತ್ತಿಕೊಂಡು ಹೋಗುವ ಲಾರಿಯನ್ನು ಅಲ್ಲಿ ಎಲ್ಲರೂ ಜೇಡ ಎಂದೇ ಕರೆಯುವುದು. ಮೇಲಿನಿಂದ ನಾಲ್ಕು ಕಾಲು ಇಳಿಬಿಟ್ಟು, ನಾಲ್ಕು ಚಕ್ರ ತಬ್ಬಿಕೊಂಡು, ನೊಣವನ್ನು ಒಯ್ದ ಹಾಗೆ ಒಯ್ದುಬಿಡುತ್ತದೆ.

"ಒಳಗೆ ಮನುಷ್ಯ ಕೂತಿದ್ರೆ ಜೇಡ ಮುಟ್ಟೋ ಹಾಗಿಲ್ಲ ಕಣೋ," ಎಂದರು ಹಿಂದಿನ ಸೀಟಿನಿಂದ ದೇಸಾಂಕಾ ಅತ್ತೆ. ಇಡೀ ಪಿರೋಟ್‌ಗೆ ಅತ್ತೆಯಾದ ಅವರಿಗೆ ಗೊತ್ತಿಲ್ಲದ ವಿಷಯವಿರಲಿಲ್ಲ. "ಯಾರಾದ್ರೂ ಒಬ್ರು ಕೂರಬೇಕು. ಬೀಗದ ಮೇಲಂತೂ ನಂಬಿಕೆ ಇಡ್ಬೇಡಿ. ಹೋದ ವರ್ಷ ಇದೇ ಕೀಲಿಕೈಲಿ ನಮ್ಮ ಪಾದ್ರಿಗಳ ಕಾರು ತೆಗೆದು ಸಂತೆವರೆಗೂ ಓಡಿಸ್ಕೊಂಡು ಹೋದವನು ಇವನೇ ತಾನೆ?"

ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ವುಕಾಶಿನ್‌ನ ಮುಖ ನೋಡಿದರು. ಕಾರು ಯಾರದೋ ಕಾವಲೂ ಅವನದೇ ಎಂದು ಆ ನೋಟದಲ್ಲೇ ತೀರ್ಮಾನವಾಗಿತ್ತು.

"ಅಯ್ಯೋ, ನನ್ನ ಹಾಡು?" ಎಂದ ವುಕಾಶಿನ್.

ಹಾಡು ಎಂದರೆ ಒಂದೇ ಸಾಲು. ಹನ್ನೊಂದು ವರ್ಷ ಎಲ್ಲರ ಹಿಂದೆ ನಿಂತು 'ಓಹೋ' ಎಂದಿದ್ದಕ್ಕೆ ಈ ಸಲ ಮೇಷ್ಟ್ರು ಮನಸ್ಸು ಕರಗಿ ಅವನೊಬ್ಬನಿಗೇ ಕೊಟ್ಟಿದ್ದ ಸಾಲು. ಕುರುಬನೊಬ್ಬ ಬೆಟ್ಟಕ್ಕೆ ಹೇಳುವ ಮಾತು: 'ಗಿರಿಯೇ, ನಾನು ಕದಲೆನು!' ಕಾರ್ಯಕ್ರಮ ರೇಡಿಯೋದಲ್ಲಿ ನೇರವಾಗಿ ಬರಲಿತ್ತು. ಅವನ ಹೆಂಡತಿ ಝಿವ್ಕಾ ಬೀದಿಯವರನ್ನೆಲ್ಲ ರೇಡಿಯೋ ಮುಂದೆ ಕೂರಿಸಿಕೊಳ್ಳಲು ಹಿಂದಿನ ದಿನವೇ ಕರಿದ ತಿಂಡಿ ಮಾಡಿಟ್ಟಿದ್ದಳು.

"ನಾಲ್ಕು ಗಂಟೆಗೆ ನಾನು ಬಂದು ಕೂತ್ಕೋತೀನಿ," ಎಂದರು ಅತ್ತೆ. "ಒಬ್ಬಳು ಇಲ್ದಿದ್ರೂ ಹಾಡು ನಡೆಯುತ್ತೆ. ನೀನು ಐದಕ್ಕೆ ಹಾಡು."

"ಅಲ್ಲೀವರೆಗೆ ಅಭ್ಯಾಸ ಮಾಡ್ತಿರು," ಎಂದರು ಮೇಷ್ಟ್ರು. "ಕೊನೆಯ ಸ್ವರ ನಿಂದು ಯಾವಾಗ್ಲೂ ಇಳಿಯುತ್ತೆ. ಅದು ಏರಬೇಕು ವುಕಾಶಿನ್, ಏರಬೇಕು!"

ಉಳಿದ ಮೂವರೂ ಹಾಡಿನ ಉಡುಪು ಮೊದಲೇ ತೊಟ್ಟಿದ್ದರು, ಹಾಗೇ ಇಳಿದು ನಡೆದರು. ವುಕಾಶಿನ್‌ನ ಕಸೂತಿ ಅಂಗಿ, ಅದರ ಜೇಬಿನಲ್ಲಿ ಅವನ ಫೋನು, ಪಕ್ಕದಲ್ಲಿ ಪಿರೋಟ್‌ನ ಚಪ್ಪಟೆ ಸಾಸೇಜಿನ ಗಂಟು ಹಿಂದಿನ ಸೀಟಿನಲ್ಲಿ ಉಳಿದವು.

ಅವನು ಒಬ್ಬನೇ ಕೂತು ಐದಾರು ಸಲ 'ಗಿರಿಯೇ' ಎಂದನೋ ಇಲ್ಲವೋ, ಎದುರು ಮನೆಯ ಕೊಸಾರಾ ಅಜ್ಜಿ ಕಾಫಿ ಹಿಡಿದುಕೊಂಡು ಇಳಿದು ಬಂದಳು.

"ಯಾರಪ್ಪ ನೀನು? ಯಾರದ್ದೋ ಹೊಟ್ಟೆನೋವು ಅಂದ್ಕೊಂಡೆ."

"ಹಾಡ್ತಿದ್ದೆ ಅಜ್ಜಿ."

"ಹಾಗಾದ್ರೆ ಕಾಫಿ ಕುಡಿ. ಗಂಟಲು ಸರಿಹೋಗುತ್ತೆ."

ಕಾಫಿಯಿಂದ ಗಂಟಲಿಗೆ ಏನಾಯಿತೋ ತಿಳಿಯದು, ಅದು ಬೇರೆ ಕಡೆ ಮಾತ್ರ ಬೇಗ ಕೆಲಸ ಮಾಡಿತು. ವುಕಾಶಿನ್ ಸ್ವಲ್ಪ ಹೊತ್ತು ಕಾಲ ಮೇಲೆ ಕಾಲು ಹಾಕಿ ಕೂತ. ಆಮೇಲೆ ಕಾಲು ಬದಲಿಸಿದ. ಕೊನೆಗೆ ತಡೆಯಲಾರದೆ ಕಾರಿಗೆ ಬೀಗ ಹಾಕಿ, "ಅಜ್ಜಿ, ನಿಮ್ಮನೇಲಿ ಬಚ್ಚಲು..." ಎಂದ.

ಹೋಗಿ ಬರಲು ಎರಡು ನಿಮಿಷ ಸಾಕಿತ್ತು. ಆದರೆ ಬೆಲ್‌ಗ್ರೇಡಿನ ಅಜ್ಜಿಯ ಮನೆಗೆ ಹೋಗಿ ಸಕ್ಕರೆಪಾಕದ ಹಣ್ಣು ಒಂದು ಚಮಚ ತಿನ್ನದೆ ಹೊರಬಂದವರು ಯಾರೂ ಇಲ್ಲ. ಹಿತ್ತಲ ಕಡೆಯ ಅಡುಗೆಮನೆಯಲ್ಲಿ ಅವನನ್ನು ಕೂರಿಸಿ ಕೊಸಾರಾ ತನ್ನ ಪಿತ್ತಕೋಶದ ಆಪರೇಷನ್ನಿನ ಕತೆಯನ್ನು ಮೊದಲ ನೋವಿನಿಂದ ಕೊನೆಯ ಹೊಲಿಗೆಯವರೆಗೆ ಹೇಳಿದಳು. ಅವನು ತಪ್ಪಿಸಿಕೊಂಡು ಬೀದಿಗೆ ಓಡಿ ಬರುವಾಗ ಇಪ್ಪತ್ತೈದು ನಿಮಿಷ ಕಳೆದಿತ್ತು.

ಕಾರು ಅಲ್ಲೇ ಇತ್ತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಕೀಲಿಕೈ ತಿರುಗಿಸಿ ಬಾಗಿಲು ತೆಗೆದು ಕೂತ. ಮಂಡಿ ಹೋಗಿ ಸ್ಟೀರಿಂಗಿಗೆ ಬಡಿಯಿತು. ಸೀಟನ್ನು ಯಾರೋ ಮುಂದಕ್ಕೆ ಎಳೆದಿದ್ದರು. ಹಿಂತಿರುಗಿ ನೋಡಿದರೆ ಸಾಸೇಜಿನ ಗಂಟಿಲ್ಲ, ಫೋನಿಲ್ಲ, ಕಸೂತಿ ಅಂಗಿಯೂ ಇಲ್ಲ!

"ಅತ್ತೆ ಬಂದು ಹೋಗಿದಾರೆ," ಎಂದುಕೊಂಡ ವುಕಾಶಿನ್. ಕುಳ್ಳು ಹೆಂಗಸು, ಕೂತು ನೋಡಲು ಸೀಟು ಎಳೆದುಕೊಂಡಿದ್ದಾರೆ. ಬೀಗ ತೆಗೆಯುವುದು ಎಂಥ ಮಹಾ ಕೆಲಸ, ಕೂದಲಿನ ಪಿನ್ನು ಸಾಕು. ಸಾಸೇಜು ಒಯ್ದದ್ದು ಹಸಿವಿಗೆ. ಆದರೆ ಅಂಗಿ ಏಕೆ ಒಯ್ದರು?

ಉತ್ತರ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬ್ಲಾಗೊಯೆ! ಹನ್ನೊಂದು ವರ್ಷದಿಂದ ಆ ಸಾಲಿನ ಮೇಲೆ ಕಣ್ಣಿಟ್ಟವನು. ಮೇಷ್ಟ್ರ ಕಿವಿ ಕಚ್ಚಿ ಸಾಲನ್ನೂ ಹೊಡೆದುಕೊಂಡ, ಅಂಗಿಯನ್ನೂ ತರಿಸಿಕೊಂಡ. ನನ್ನನ್ನು ನಾಯಿಯ ಹಾಗೆ ಇಲ್ಲಿ ಕಟ್ಟಿಹಾಕಿ ಹೋಗಿದ್ದಾರೆ. ವುಕಾಶಿನ್‌ಗೆ ಅಳು ಬಂತು. ಅಲ್ಲಿನ ಕಾರುಗಳಲ್ಲೆಲ್ಲ ಕನ್ನಡಿಗೆ ನೇತಾಡುವ ಸಂತ ನಿಕೋಲಾಸನ ಪಟದ ಮುಂದೆ ಸ್ವಲ್ಪ ಅತ್ತೂಬಿಟ್ಟ.

ಮೂರು ಗಂಟೆಗೆ ಜೇಡ ಬಂತು.

ಲಾರಿಯ ಜೊತೆಗೆ ಮೋಟಾರ್ ಬೈಕಿನಲ್ಲಿ ಪೊಲೀಸ್ ಸಾಹೇಬರೂ ಇದ್ದರು. "ಇದೂ ಎತ್ತು," ಎಂದು ಅವರು ಕೈ ತೋರಿಸಿದ್ದೇ, ಪೊದೆ ಮೀಸೆಯವನೊಬ್ಬ ಪಟ್ಟಿ ಹಿಡಿದು ಕಾರಿನ ಮುಂದೆ ಬಂದು ಬಗ್ಗಿದ. ಬಗ್ಗಿದವನು ಹಾಗೇ ನಿಂತ. ನಂಬರ್ ಪ್ಲೇಟು ನೋಡಿದ. ಸಂತ ನಿಕೋಲಾಸನನ್ನು ನೋಡಿದ. ಆಮೇಲೆ ವುಕಾಶಿನ್‌ನನ್ನು ನೋಡಿದ.

"ಯಾರ್ ಸ್ವಾಮಿ ನೀವು?"

"ಪಿರೋಟ್‌ನ ವುಕಾಶಿನ್! ಮಧ್ಯಾಹ್ನದಿಂದ ಇಲ್ಲೇ ಕೂತಿದೀನಿ. ಜಪ್ಪಯ್ಯ ಅಂದ್ರೂ ಇಳಿಯಲ್ಲ!"

"ಪಿರೋಟ್‌ನವರಾ?" ಮೀಸೆಯವನಿಗೆ ಇದ್ದಕ್ಕಿದ್ದಂತೆ ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದ. ಆಮೇಲೆ ಸಾಹೇಬರ ಕಡೆ ತಿರುಗಿ, "ಸಾರ್, ಒಳಗೆ ಜೀವ ಇದೆ. ಎತ್ತೋ ಹಾಗಿಲ್ಲ," ಎಂದ.

"ಇಳಿಯೋಕೆ ಹೇಳು," ಎಂದರು ಸಾಹೇಬರು.

ಆಗ ವುಕಾಶಿನ್‌ಗೆ ಎಲ್ಲಿಂದ ಧೈರ್ಯ ಬಂತೋ, ಕಿಟಕಿಯ ಗಾಜು ಇಳಿಸಿ, ತಲೆ ಹೊರಹಾಕಿ, ಹನ್ನೊಂದು ವರ್ಷದ ಉಸಿರನ್ನೆಲ್ಲ ಒಟ್ಟುಮಾಡಿ ಹಾಡಿದ: "ಗಿರಿಯೇ, ನಾನು ಕದಲೆನು!"

ಕಿಟಕಿಗಳು ತೆರೆದವು. ಮೂರನೇ ಮಹಡಿಯಿಂದ ಯಾರೋ ಚಪ್ಪಾಳೆ ತಟ್ಟಿದರು. ಕೊಸಾರಾ ಬಾಲ್ಕನಿಯಿಂದ, "ನನ್ನ ಕಾಫಿ! ನನ್ನ ಕಾಫಿಯ ಗುಣ ಅದು!" ಎಂದು ಕೂಗಿದಳು. ಕೊನೆಯ ಸ್ವರ ಎಂದಿನಂತೆ ಇಳಿದಿತ್ತು, ಆದರೆ ಆ ಬೀದಿಯಲ್ಲಿ ಸ್ತಾನಿಮಿರ್ ಮೇಷ್ಟ್ರು ಇರಲಿಲ್ಲ. ಸಾಹೇಬರು ತಲೆ ಚಚ್ಚಿಕೊಂಡು ಬೈಕ್ ಹತ್ತಿದರು.

ಮೀಸೆಯವನು ಕಿಟಕಿಯ ಬಳಿ ಬಗ್ಗಿ ಮೆಲ್ಲಗೆ ಕೇಳಿದ, "ಎಷ್ಟು ಹೊತ್ತು ಕದಲಲ್ಲ ಮಾಮ?"

"ಬೇಕಾದ್ರೆ ನಾಳೆವರೆಗೂ!"

"ಅಷ್ಟೆಲ್ಲ ಬೇಡ. ಆರು ಗಂಟೆವರೆಗೆ ಕೂತಿದ್ರೆ ಸಾಕು. ನಿಮ್ಮಂಥೋರು ಈ ಊರಿಗೆ ಬೇಕು."

ಹತ್ತು ನಿಮಿಷದಲ್ಲಿ ಅವನೇ ವಾಪಸ್ಸು ಬಂದು ಕಿಟಕಿಯೊಳಗೆ ಬುರೆಕ್ ಎಂಬ ಬಿಸಿ ಪದರದ ರೊಟ್ಟಿಯನ್ನೂ ಒಂದು ಲೋಟ ಮೊಸರನ್ನೂ ಕೊಟ್ಟು ಹೋದ. ಜೇಡವೇ ನೊಣಕ್ಕೆ ಊಟ ತಂದದ್ದು ಬೆಲ್‌ಗ್ರೇಡಿನಲ್ಲಿ ಅದೇ ಮೊದಲಿರಬೇಕು.

ನಾಲ್ಕಾಯಿತು, ಅತ್ತೆ ಬರಲಿಲ್ಲ. ನಾಲ್ಕೂವರೆಯಾಯಿತು. ವುಕಾಶಿನ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೀದಿಯ ತುದಿ ನೋಡಿದ. ಬ್ಲಾಗೊಯೆ ಅಂಗಿ ತೊಟ್ಟಿದ್ದರೇನು, ಓಡಿ ಹೋಗಿ ವೇದಿಕೆ ಹತ್ತಿಬಿಟ್ಟರೆ? ಬಾಗಿಲ ಹಿಡಿಗೆ ಕೈ ಹಾಕಿದ.

"ಅಜ್ಜಿ! ಅರ್ಧ ಗಂಟೆ ಇಲ್ಲಿ ಕೂತ್ಕೋತೀರಾ?"

"ಐದಕ್ಕೆ ನನ್ನ ಧಾರಾವಾಹಿ ಇದೆಯಪ್ಪ. ಇವತ್ತು ಅವಳಿಗೆ ಮಗು ಯಾರದ್ದು ಅಂತ ಗೊತ್ತಾಗುತ್ತೆ."

ಅಷ್ಟರಲ್ಲಿ ಬೀದಿಯ ಮೂಲೆಯಲ್ಲಿ ಇನ್ನೊಂದು ಜೇಡ ಹಾದುಹೋಯಿತು. ವುಕಾಶಿನ್ ಕೈ ಹಿಂದೆಗೆದ. ಇಪ್ಪತ್ತಾರು ವರ್ಷ ಜೊತೆಗಿದ್ದ ಕಾರು. ಝಿವ್ಕಾಳನ್ನು ಮದುವೆಯಾಗಿ ಮನೆಗೆ ಕರೆತಂದ ಕಾರು. ಹಾಡು ಹೋದರೆ ಹೋಗಲಿ, ಇದನ್ನು ಬಿಟ್ಟು ಹೋಗಲಾರೆ ಎಂದುಕೊಂಡ. ಇಗರ್ಜಿಯ ಗಂಟೆ ಐದು ಹೊಡೆಯಿತು. ಒಂದೊಂದು ಹೊಡೆತವೂ ತನ್ನ ಬೆನ್ನಿಗೇ ಬಿದ್ದಂತೆ ಅವನು ತಲೆ ಬಗ್ಗಿಸಿ ಕೂತ.

ಸರಿಯಾಗಿ ಆರಕ್ಕೆ ಕುಳ್ಳನೆಯ ಹೆಂಗಸೊಬ್ಬಳು ಬಂದು ಕಿಟಕಿ ತಟ್ಟಿದಳು.

"ನಮಸ್ಕಾರ ಅಣ್ಣ. ನಿಮ್ಮಿಂದ ತುಂಬಾ ಉಪಕಾರ ಆಯ್ತು. ಇನ್ನು ಇಳೀತೀರಾ? ನಾನು ಮನೆಗೆ ಹೋಗ್ಬೇಕು."

"ಹೋಗಮ್ಮ. ನಾನ್ಯಾಕೆ ಇಳೀಲಿ?"

"ಕಾರು ಬೇಕಲ್ಲಣ್ಣ. ನಂದು."

"ಏನು ನಿಂದು? ನನ್ನ ಕೀಲಿಕೈ ನೋಡು!"

"ನನ್ನದೂ ನೋಡಿ," ಎಂದು ಅವಳು ತನ್ನ ಕೀಲಿಕೈ ತೋರಿಸಿದಳು. ಎರಡೂ ಒಂದೇ ತಾಯಿಯ ಮಕ್ಕಳಂತಿದ್ದವು. "ಈ ಮಾದರಿ ಕಾರುಗಳ ಹಣೆಬರಹವೇ ಇಷ್ಟು, ಒಂದರ ಕೀಲಿಕೈ ಇನ್ನೊಂದಕ್ಕೂ ಆಗುತ್ತೆ. ಮುಂದೆ ಬಂದು ನಂಬರ್ ನೋಡ್ಕೊಳ್ಳಿ."

ವುಕಾಶಿನ್ ಇಳಿದು ಮುಂದೆ ಹೋಗಿ ನೋಡಿದ. ಬೆಲ್‌ಗ್ರೇಡಿನ ನಂಬರು. ಅವನ ಮುಖ ಇಂಗು ತಿಂದ ಮಂಗನಂತಾಯಿತು.

"ಹಾಗಾದ್ರೆ ನಂದು?"

ಹೆಂಗಸು ಸಂಕೋಚದಿಂದ ಸೆರಗಿಲ್ಲದ ಕೋಟಿನ ಗುಂಡಿ ತಿರುವಿದಳು. "ನಮ್ಮೆಜಮಾನ್ರು ಜೇಡದ ಮೇಲೇ ಕೆಲಸ ಮಾಡೋದು. ಮೀಸೆಯೋರು, ನೀವು ನೋಡಿದೀರಂತೆ. ಮಧ್ಯಾಹ್ನ ಫೋನ್ ಮಾಡಿ, 'ಬೇಗ ಬಾ, ಈಗಷ್ಟೇ ಪಿರೋಟ್‌ನ ಕಾರೊಂದನ್ನ ಎತ್ತಿದೀವಿ, ಜಾಗ ಖಾಲಿ ಇದೆ' ಅಂದ್ರು. ನಾನು ಪಕ್ಕದ ಕ್ಷೌರದಂಗಡೀಲಿ ಕೂದಲು ಕತ್ತರಿಸೋಳು, ಬಂದು ನಿಲ್ಲಿಸ್ದೆ. ಮೂರಕ್ಕೆ ಸಾಹೇಬ್ರೇ ಜೊತೆಗೆ ಬಂದ್ಬಿಟ್ರಂತೆ. ಅವರೆದುರು ಹೆಂಡತಿ ಕಾರು ಅನ್ನೋಕಾಗುತ್ತಾ? ದೇವರ ಹಾಗೆ ನೀವು ಒಳಗೆ ಕೂತಿದ್ರಿ!"

ಅವಳು ಸೀಟನ್ನು ಮತ್ತೆ ಮುಂದಕ್ಕೆಳೆದುಕೊಂಡು, ಕೈ ಬೀಸಿ ಹೊರಟುಹೋದಳು. ಹನ್ನೊಂದು ವರ್ಷ ಕಾದ ಸಾಲನ್ನು ಬಿಟ್ಟು ಅವನು ಮಧ್ಯಾಹ್ನವಿಡೀ ಕಾದದ್ದು ಜೇಡನ ಹೆಂಡತಿಯ ಕಾರನ್ನು. ಅವನ ಕಾರು ಯಾವಾಗಲೋ ಹೋಗಿತ್ತು. ಐದಕ್ಕೆ ಅವನು ನೆಮ್ಮದಿಯಾಗಿ ವೇದಿಕೆಯ ಮೇಲೆ ನಿಂತಿರಬಹುದಾಗಿತ್ತು.

ಬೀದಿಯ ತುದಿಯಲ್ಲಿ ಮೇಷ್ಟ್ರು, ಬ್ಲಾಗೊಯೆ ಕಾಣಿಸಿಕೊಂಡರು. ಬ್ಲಾಗೊಯೆಯ ಮೈಮೇಲಿದ್ದ ಅಂಗಿ ವುಕಾಶಿನ್‌ಗೆ ತನ್ನದೇ ಎನಿಸಿತು.

"ವುಕಾಶಿನ್!" ಮೇಷ್ಟ್ರು ಬಂದು ತಬ್ಬಿಕೊಂಡರು. "ನಾವಿಬ್ರೇ ಹಾಡಿದ್ವಪ್ಪ. ನಿನ್ನ ಸಾಲು ಬಂದಾಗ ನೀನು ಓಡಿ ಬರ್ತೀಯ ಅಂತ ನಿಲ್ಲಿಸಿ ಕಾದ್ವಿ. ಇಡೀ ಸಭೆ ಉಸಿರು ಹಿಡಿದು ಕೂತಿತ್ತು. ಆ ಮೌನಕ್ಕೆ ಎಂಥ ಚಪ್ಪಾಳೆ ಬಂತು ಗೊತ್ತಾ? ನೀನು ಇಲ್ಲದ ಜಾಗವೇ ಹಾಡಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿತ್ತು ಅಂದ್ರು ಎಲ್ರೂ!"

ಹಿಂದಿನಿಂದ ದೇಸಾಂಕಾ ಅತ್ತೆ ಏದುಸಿರು ಬಿಡುತ್ತ ಬಂದರು. "ಆ ಎರಡನೇ ನಂಬರಿನ ಟ್ರಾಮು ಹಾಳಾಗ ಹೋಗ್ಲಿ! ಕೊನೇ ಸ್ಟಾಪಲ್ಲಿ ಇಳೀಬೇಕು ಅಂತ ಮೂರೂವರೆಯಿಂದ ಕೂತಿದ್ದೆ. ಅದೇ ಕೋಟೆ, ಅದೇ ನದಿ, ನಾಲ್ಕು ಸಲ ನೋಡ್ದೆ. ಕೊನೇ ಸ್ಟಾಪೇ ಬರ್ಲಿಲ್ಲ!" ಆ ಟ್ರಾಮು ಊರಿನ ಸುತ್ತ ಚಕ್ರ ಹೊಡೆಯುವುದು, ಅದಕ್ಕೆ ಕೊನೆಯ ನಿಲ್ದಾಣವೇ ಇಲ್ಲವೆಂದು ಅಲ್ಲಿನ ಮಕ್ಕಳಿಗೂ ಗೊತ್ತು. "ಇಳಿ ವುಕಾಶಿನ್, ನಾನು ಕೂತ್ಕೋತೀನಿ. ಅಲ್ಲಾ, ಕಾರೆಲ್ಲೋ?"

ವುಕಾಶಿನ್ ಬ್ಲಾಗೊಯೆಯ ಅಂಗಿಯ ಕಡೆ ಬೆರಳು ತೋರಿಸಿದ.

"ಇದಾ? ಇದು ನನ್ನದೇ ಕಣೋ," ಎಂದ ಬ್ಲಾಗೊಯೆ. "ಎಲ್ಲರದೂ ಒಂದೇ ಥರ ಹೊಲಿಸಿದ್ದಲ್ವ?"

ಆಗ ಬೀದಿಯಲ್ಲಿ ಜೇಡ ಬಂತು, ಬೆನ್ನ ಮೇಲೆ ಯಾರದೋ ಕೆಂಪು ಕಾರು ಹೊತ್ತುಕೊಂಡು. ಕಿಟಕಿಯಿಂದ ಮೀಸೆಯವನು ತಲೆ ಹೊರಹಾಕಿ, ವುಕಾಶಿನ್‌ಗೆ ಸಲಾಮು ಹೊಡೆದು, ಗಂಟಲು ತುಂಬಿ ಹಾಡಿದ: "ಗಿರಿಯೇ, ನಾನು ಕದಲೆನು!" ಕೊನೆಯ ಸ್ವರ ಏರಿತು, ಏರಿ ಮನೆಗಳ ಮಾಡಿನ ಮೇಲೆ ನಿಂತಿತು.

ಸ್ತಾನಿಮಿರ್ ಮೇಷ್ಟ್ರು ಕೈಯೆತ್ತಿ ನಿಂತುಬಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು.

"ಕೇಳಿದ್ರಾ ಆ ಸ್ವರ! ಮುಂದಿನ ವರ್ಷ ಆ ಸಾಲು ಅವನಿಗೇ ಕೊಡೋಣ. ಓಡು ವುಕಾಶಿನ್, ಹಿಂದೆ ಓಡು! ಅವನ ವಿಳಾಸ ಕೇಳ್ಕೊಂಡು ಬಾ!"

ವುಕಾಶಿನ್ ಓಡಿದ. ಹೇಗೂ ತನ್ನ ಕಾರು ಬಿಡಿಸಿಕೊಳ್ಳಲು ಅವನು ಹೋಗಬೇಕಾಗಿದ್ದದ್ದೂ ಅಲ್ಲಿಗೇ.